ವಿಮಾನ ಬಳ್ಳಾರಿಯಲ್ಲಿ ಮಲಗಿದ ರಾತ್ರಿ

ಬಳ್ಳಾರಿಯ ಬೇಸಿಗೆ ಕಂಡವರಿಗೆ ಮಾಳಿಗೆಯ ಮೇಲೆ ಮಲಗುವ ಸುಖ ಏನಂತ ಹೇಳಬೇಕಾಗಿಲ್ಲ. ಬ್ರೂಸ್‌ಪೇಟೆಯ ನಮ್ಮ ಹಳೇ ಮನೆಯಲ್ಲಿ ಸಂಜೆಯೇ ನಾಲ್ಕು ಕೊಡ ನೀರು ಹೊತ್ತು ಮಾಳಿಗೆಗೆ ಚಿಮುಕಿಸಿ, ರಾತ್ರಿ ಊಟವಾದ ಮೇಲೆ ಚಾಪೆ ದಿಂಬು ಹೊತ್ತುಕೊಂಡು ನಾವು ಮೊಮ್ಮಕ್ಕಳೆಲ್ಲ ಮೇಲೆ ಹತ್ತುತ್ತಿದ್ದೆವು. ಒಂದು ಕಡೆ ಕೋಟೆ ಗುಡ್ಡ ಕಪ್ಪಗೆ ಕೂತಿರುತ್ತಿತ್ತು. ಆಕಾಶದಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಕೆಂಪು ದೀಪ ಮಿಣುಕುತ್ತಾ ವಾಯವ್ಯದಿಂದ ಆಗ್ನೇಯಕ್ಕೆ ಹೋಗುತ್ತಿತ್ತು. ಬಾಂಬೆಯಿಂದ ಮದ್ರಾಸಿಗೆ ಹೋಗುವ ವಿಮಾನ ಅದು ಅಂತ ದೊಡ್ಡವರು ಹೇಳುತ್ತಿದ್ದರು.

ಅದನ್ನು ನೋಡಿದಾಗಲೆಲ್ಲ ತಾತ ಒಂದೇ ಮಾತು ಹೇಳೋರು: "ಲೇ, ಈಗ ಮೇಲೇ ಹೋಗ್ತಾವೆ. ಆಗ ನಮ್ಮೂರಾಗೇ ಇಳೀತಿತ್ತು. ಟಪಾಲು ತಗಂಡು ಬಂದು ರಾತ್ರಿ ಇಲ್ಲೇ ಮಲಗಿತ್ತು."

ನಾವು ಬಿದ್ದು ಬಿದ್ದು ನಗುತ್ತಿದ್ದೆವು. ವಿಮಾನ ಮಲಗೋದು ಅಂದರೇನು? ಅದಕ್ಕೂ ಚಾಪೆ ಹಾಸಿದ್ರಾ ತಾತ? ಅಂತ ಕೇಳಿ ರೇಗಿಸುತ್ತಿದ್ದೆವು. ಅವರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. "ನಾನು ಹನ್ನೆರಡು ವರ್ಷದ ಹುಡುಗ ಆಗ, ನಗ್ರೀ ನಗ್ರೀ" ಅಂತ ಮಗ್ಗುಲು ಬದಲಿಸೋರು. ತಾತ 1988ರಲ್ಲಿ ತೀರಿಕೊಂಡರು. ಅವರು ಹೇಳಿದ್ದು ಅಕ್ಷರಶಃ ನಿಜ ಅಂತ ನನಗೆ ಗೊತ್ತಾಗಿದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ.

ಇವತ್ತಿನ ಬರಹ ಅದರ ಬಗ್ಗೆ. ಜೊತೆಗೆ ಇನ್ನೊಂದು ಪ್ರಶ್ನೆ: ಒಂದೂರಿಂದ ಇನ್ನೊಂದೂರಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು? ಈಗ ಅಂತರ್ಜಾಲದಲ್ಲಿ ಎರಡು ಊರಿನ ಹೆಸರು ಕೊಟ್ಟರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಉತ್ತರ ಬರುತ್ತದೆ. ಆದರೆ ಆ ಉತ್ತರ ಪೂರ್ತಿ ಉತ್ತರ ಅಲ್ಲ. ಯಾಕೆ ಅನ್ನೋದನ್ನ ನಮ್ಮೂರಿನ ಕಥೆಯೇ ಚೆನ್ನಾಗಿ ಹೇಳುತ್ತೆ.

1932, ಅಕ್ಟೋಬರ್ 15, ಶನಿವಾರ. ಬೆಳಿಗ್ಗೆ 6 ಗಂಟೆ 35 ನಿಮಿಷ. ಕರಾಚಿಯ ಡ್ರಿಗ್ ರೋಡ್ ವಿಮಾನ ನಿಲ್ದಾಣದಿಂದ ಒಂದು ಪುಟ್ಟ ವಿಮಾನ ಮೇಲೇರಿತು. ಡಿ ಹ್ಯಾವಿಲೆಂಡ್ ಕಂಪನಿಯ ಪಸ್ ಮಾತ್. ಒಂದೇ ಎಂಜಿನ್ನು, ಮೇಲ್ಗಡೆ ರೆಕ್ಕೆ, ಒಳಗೆ ಚಾಲಕನೂ ಸೇರಿ ಎರಡು ಮೂರು ಜನ ಕೂರುವಷ್ಟು ಜಾಗ. ನಡೆಸುತ್ತಿದ್ದವರು ಜೆ.ಆರ್.ಡಿ. ಟಾಟಾ. ಆಗ ಅವರಿಗೆ 28 ವರ್ಷ. ಭಾರತದಲ್ಲಿ ಕೊಟ್ಟ ಮೊದಲ ಪೈಲಟ್ ಲೈಸೆನ್ಸ್ ಅವರದ್ದೇ, 1929ರ ಫೆಬ್ರವರಿಯಲ್ಲಿ. ವಿಮಾನದಲ್ಲಿದ್ದ ಸರಕು ಸುಮಾರು 25 ಕೆ.ಜಿ. ಟಪಾಲು, ಅಷ್ಟೇ. ಇಂಪೀರಿಯಲ್ ಏರ್‌ವೇಸ್ ಲಂಡನ್ನಿನಿಂದ ಕರಾಚಿಯವರೆಗೆ ತಂದ ಕಾಗದಗಳನ್ನು ಮುಂದೆ ದಕ್ಷಿಣಕ್ಕೆ ಮುಟ್ಟಿಸುವುದು ಈ ಹೊಸ ಸೇವೆಯ ಕೆಲಸ.

ದಾರಿ ಹೀಗಿತ್ತು: ಕರಾಚಿ, ಅಹಮದಾಬಾದ್, ಬಾಂಬೆ, ಬಳ್ಳಾರಿ, ಮದ್ರಾಸ್.

ಇನ್ನೊಂದು ಸಲ ಓದಿ. ಭಾರತದ ಮೊದಲ ನಿಯತ ದೇಶೀ ಅಂಚೆ ವಿಮಾನದ ದಾರಿಯಲ್ಲಿದ್ದದ್ದು ಐದೇ ಊರು. ಅದರಲ್ಲೊಂದು ನಮ್ಮ ಬಳ್ಳಾರಿ! ಬೆಂಗಳೂರಲ್ಲ, ಮೈಸೂರಲ್ಲ, ಹೈದರಾಬಾದೂ ಅಲ್ಲ.

ಅಹಮದಾಬಾದಿನಲ್ಲಿ ವಿಮಾನಕ್ಕೆ ಪೆಟ್ರೋಲು ಬಂದಿದ್ದು ಎತ್ತಿನ ಗಾಡಿಯಲ್ಲಿ. ಬರ್ಮಾ ಶೆಲ್‌ನ ಡಬ್ಬಗಳಿಂದ ಕೈಯಲ್ಲೇ ತುಂಬಿಸಿದರು. ಮಧ್ಯಾಹ್ನ 1 ಗಂಟೆ 50 ನಿಮಿಷಕ್ಕೆ ಟಾಟಾ ಬಾಂಬೆಯ ಜುಹು ಮೈದಾನದಲ್ಲಿ ಇಳಿದರು. ಅದು ಸಮುದ್ರದ ಪಕ್ಕದ ಕೆಸರು ನೆಲ. ಮಳೆಗಾಲದಲ್ಲಿ ನೀರು ನಿಂತು ಕೆಲಸಕ್ಕೇ ಬರುತ್ತಿರಲಿಲ್ಲ, ಆಗೆಲ್ಲ ಪೂನಾಕ್ಕೆ ಬಿಡಾರ ಎತ್ತಬೇಕಾಗುತ್ತಿತ್ತು.

ಜುಹುವಿನಲ್ಲಿ ಇನ್ನೊಂದು ಪಸ್ ಮಾತ್ ಕಾಯುತ್ತಿತ್ತು. ಟಪಾಲು ಚೀಲ ಅದಕ್ಕೆ ಬದಲಾಯಿತು. ಅದರ ಚಾಲಕ ನೆವಿಲ್ ವಿನ್ಸೆಂಟ್. ಈತ ದಕ್ಷಿಣ ಆಫ್ರಿಕಾ ಮೂಲದವರು, ಬ್ರಿಟಿಷ್ ವಾಯುಪಡೆಯಲ್ಲಿ ಇದ್ದು ಬಂದವರು. ನಿಜ ಹೇಳಬೇಕೆಂದರೆ ಈ ಅಂಚೆ ವಿಮಾನದ ಯೋಜನೆ ಮೊದಲು ಹುಟ್ಟಿದ್ದು ಇವರ ತಲೆಯಲ್ಲಿ. ಭಾರತಕ್ಕೆ ಬಂದು ಊರೂರು ಸುತ್ತಿ ಜನರಿಗೆ ವಿಮಾನದ ಮೋಜಿನ ಸವಾರಿ ಮಾಡಿಸುತ್ತಿದ್ದವರು, ಟಾಟಾ ಅವರ ಬಳಿ ಈ ಯೋಜನೆ ಇಟ್ಟರು. ಸರ್ಕಾರದಿಂದ ಸಹಾಯಧನ ಸಿಗಲಿಲ್ಲ. ಟಾಟಾ ಸನ್ಸ್ ಹಾಕಿದ ಬಂಡವಾಳ 2 ಲಕ್ಷ ರೂಪಾಯಿ. ಎಲ್ಲ ಕಡೆ ಟಾಟಾ ಹೆಸರು ದೊಡ್ಡದಾಗಿ ಬರುತ್ತೆ, ಬರಲೇಬೇಕು. ಆದರೆ ಬಳ್ಳಾರಿಯವರಾದ ನಾವು ನೆನೆಯಬೇಕಾದ್ದು ವಿನ್ಸೆಂಟರನ್ನ. ನಮ್ಮೂರಿಗೆ ಮೊದಲ ಅಂಚೆ ವಿಮಾನ ತಂದವರು ಅವರು. ಆ ಮಧ್ಯಾಹ್ನ ಜುಹು ಬಿಟ್ಟು ಬಳ್ಳಾರಿಗೆ ಬಂದು, ರಾತ್ರಿ ಇಲ್ಲೇ ತಂಗಿ, ಮರುದಿನ ಅಕ್ಟೋಬರ್ 16ಕ್ಕೆ ಮದ್ರಾಸ್ ತಲುಪಿದರು.

ತಾತ ಹೇಳಿದ "ಮಲಗಿತ್ತು" ಇದೇ!

ಈಗ ಪ್ರಶ್ನೆ: ಯಾಕೆ ಬಳ್ಳಾರಿ?

ಒಂದು ನಕ್ಷೆ ತಗೊಳ್ಳಿ, ಬಾಂಬೆಯಿಂದ ಮದ್ರಾಸಿಗೆ ಒಂದು ಗೆರೆ ಎಳೆಯಿರಿ. ನಾನೇ ಕೂತು ಲೆಕ್ಕ ಹಾಕಿದೆ. ಜುಹುವಿನಿಂದ ಮದ್ರಾಸಿಗೆ ನೇರ ಆಕಾಶದ ದೂರ ಸುಮಾರು 1,036 ಕಿ.ಮೀ. ಜುಹುವಿನಿಂದ ಬಳ್ಳಾರಿಗೆ ಸುಮಾರು 613, ಬಳ್ಳಾರಿಯಿಂದ ಮದ್ರಾಸಿಗೆ ಸುಮಾರು 429. ಕೂಡಿಸಿದರೆ 1,042. ಅಂದರೆ ಬಳ್ಳಾರಿಗೆ ಬಂದು ಹೋದರೆ ಹೆಚ್ಚಾಗುವುದು ಐದಾರು ಕಿಲೋಮೀಟರು ಮಾತ್ರ! ಬ್ರೂಸ್‌ಪೇಟೆಯಿಂದ ಅಲ್ಲೀಪುರಕ್ಕೆ ಹೋಗಿ ಬಂದಷ್ಟು.

ಇದನ್ನು ನೋಡಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ನಮ್ಮೂರು ಯಾವುದರ ದಾರಿಯಲ್ಲೂ ಇಲ್ಲ ಅಂತಲೇ ಅಂದುಕೊಂಡು ಬೆಳೆದವರು ನಾವು. ಬಾಂಬೆ-ಮದ್ರಾಸ್ ರೈಲು ಹಿಡಿಯೋಕೆ ಗುಂತಕಲ್ಲಿಗೆ ಹೋಗಬೇಕು. ಆ ದೊಡ್ಡ ರೈಲು ದಾರಿ ರಾಯಚೂರು, ಗುಂತಕಲ್, ಕಡಪ ಅಂತ ಬಳಸಿಕೊಂಡು ಸುಮಾರು 1,280 ಕಿ.ಮೀ. ಓಡುತ್ತೆ, ಬಳ್ಳಾರಿಯನ್ನು ಪಕ್ಕಕ್ಕೆ ಬಿಟ್ಟು. ಭೂಮಿಯ ಮೇಲೆ ಪಕ್ಕದಲ್ಲಿದ್ದ ಊರು ಆಕಾಶದಲ್ಲಿ ನಟ್ಟ ನಡುದಾರಿಯಲ್ಲಿತ್ತು.

ನೇರ ಹಾರುವುದಾದರೆ ಮಧ್ಯದಲ್ಲಿ ನಿಲ್ಲುವುದೇಕೆ ಅನ್ನಬಹುದು. ಪಸ್ ಮಾತ್‌ನ ವೇಗ ಗಂಟೆಗೆ ಸುಮಾರು 100 ಮೈಲಿ, ಅಂದರೆ 160 ಕಿ.ಮೀ. ಒಂದು ಸಾವಿರ ಕಿಲೋಮೀಟರಿಗೆ ಆರು ಗಂಟೆಗೂ ಮೇಲೆ ಬೇಕು. ನಡುವೆ ಎಣ್ಣೆ ತುಂಬಿಸಲೇಬೇಕು. ಅದಕ್ಕಿಂತ ದೊಡ್ಡ ತೊಂದರೆ ಬೆಳಕಿನದ್ದು. ವಿಮಾನದಲ್ಲಿ ರೇಡಿಯೋ ಇರಲಿಲ್ಲ. ನೆಲದ ಮೇಲೆ ದಾರಿ ತೋರುವ ದೀಪ, ಸಿಗ್ನಲ್ಲು ಯಾವುದೂ ಇರಲಿಲ್ಲ. ಕೈಯಲ್ಲಿ ನಕ್ಷೆ, ಮುಂದೆ ದಿಕ್ಸೂಚಿ, ಕೆಳಗೆ ನದಿ, ಗುಡ್ಡ, ರೈಲು ಹಳಿ. ಕಣ್ಣಿಗೆ ಕಂಡರೆ ದಾರಿ, ಕಾಣದಿದ್ದರೆ ಇಲ್ಲ.

ಈಗ ಲೆಕ್ಕ ಮಾಡಿ. ಜುಹುವಿಗೆ ಟಪಾಲು ಬಂದಿದ್ದೇ 1-50ಕ್ಕೆ. ಚೀಲ ಬದಲಾಯಿಸಿ ಹೊರಡೋಕೆ ಸ್ವಲ್ಪ ಹೊತ್ತು. 613 ಕಿ.ಮೀ.ಗೆ ಹೆಚ್ಚು ಕಡಿಮೆ ನಾಲ್ಕು ಗಂಟೆ. ಅಲ್ಲಿಗೆ ಸಂಜೆ ಆರರ ಹತ್ತಿರ. ಅಕ್ಟೋಬರ್ ನಡುವಿನಲ್ಲಿ ಬಳ್ಳಾರಿಯಲ್ಲಿ ಸೂರ್ಯ ಮುಳುಗುವುದು ಸರಿಸುಮಾರು ಆರು ಗಂಟೆಗೇ. ಬಾಂಬೆಯಿಂದ ಹೊರಟವನು ಕತ್ತಲಾಗುವ ಮುಂಚೆ ಎಲ್ಲಿಗೆ ಬಂದು ಮುಟ್ಟಬಹುದೋ ಅಲ್ಲಿಗೆ ಸರಿಯಾಗಿ ನಮ್ಮೂರಿತ್ತು. ಬಳ್ಳಾರಿಯನ್ನು ಆರಿಸಿಕೊಟ್ಟದ್ದು ನೇರ ಗೆರೆ ಮತ್ತು ಸೂರ್ಯ, ಇಬ್ಬರೂ ಸೇರಿ ಅಂತ ನನಗನ್ನಿಸುತ್ತೆ.

ಆ ಗೆರೆಯ ಮೇಲೆ ಒಮ್ಮೆ ಮನಸ್ಸಿನಲ್ಲೇ ಹಾರಿ ನೋಡಿ. ಸಹ್ಯಾದ್ರಿ ದಾಟಿದ ಮೇಲೆ ಮೀರಜ್, ಸಾಂಗ್ಲಿಯ ಬಯಲು. ಆಮೇಲೆ ಕೃಷ್ಣೆ, ಬಾಗಲಕೋಟೆ. ಕುಷ್ಟಗಿ ಕಡೆಯ ಕೆಂಪು ಕಪ್ಪು ಹೊಲಗಳು. ಕಂಪ್ಲಿಯ ಹತ್ತಿರ ತುಂಗಭದ್ರೆ. ಆಗ ಡ್ಯಾಮು ಇರಲಿಲ್ಲ, ಅಷ್ಟಗಲ ನೀರು ಕಾಣುವ ಮಾತಿಲ್ಲ, ಬಂಡೆಗಳ ನಡುವೆ ಹೊಳೆ. ಎಡಕ್ಕೆ ಕುರುಗೋಡಿನ ಗುಡ್ಡ, ಅದರಾಚೆ ದೂರದಲ್ಲಿ ಸಿರುಗುಪ್ಪದ ಕಡೆಯ ಎರೆಭೂಮಿ. ಮುಂದೆ ಬಯಲಿನ ನಡುವೆ ಯಾರೋ ತಂದಿಟ್ಟ ಹಾಗೆ ಒಂಟಿ ಕಲ್ಲಿನ ಬಳ್ಳಾರಿ ಗುಡ್ಡ. ಕಣ್ಣಲ್ಲೇ ದಾರಿ ಹುಡುಕುವ ಪೈಲಟ್‌ಗೆ ಇದಕ್ಕಿಂತ ಒಳ್ಳೆ ಗುರುತು ಎಲ್ಲಿ ಸಿಕ್ಕೀತು?

ಆಗಿನ ಬಳ್ಳಾರಿ ಮದ್ರಾಸ್ ಪ್ರಾಂತ್ಯದ ಜಿಲ್ಲಾ ಕೇಂದ್ರ. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಕಂಟೋನ್ಮೆಂಟು, ಕೌಲ್ ಬಜಾರು, ಕೋಟೆ, ಇತ್ತ ಒಬ್ಬ ಇಂಗ್ಲಿಷ್ ಅಧಿಕಾರಿಯ ಹೆಸರು ಹೊತ್ತ ನಮ್ಮ ಬ್ರೂಸ್‌ಪೇಟೆ. ಸ್ವಾತಂತ್ರ್ಯ ಚಳವಳಿಯ ಆ ವರ್ಷಗಳಲ್ಲಿ ಅಲ್ಲೀಪುರದ ಜೈಲಿನಲ್ಲಿ ರಾಜಕೀಯ ಕೈದಿಗಳು ತುಂಬಿದ್ದರು. ಒಂದೇ ಊರು, ಒಂದು ಕಡೆ ಲಂಡನ್ನಿನ ಟಪಾಲು ಇಳಿಯುತ್ತೆ, ಇನ್ನೊಂದು ಕಡೆ ಲಂಡನ್ನಿನ ಆಳ್ವಿಕೆ ಬೇಡ ಅಂದವರು ಕಂಬಿ ಎಣಿಸುತ್ತಾರೆ.

ಕಾಗದದ ಲೆಕ್ಕವನ್ನೂ ನೋಡೋಣ. ಹಡಗಿನಲ್ಲಿ ಇಂಗ್ಲೆಂಡಿನ ಕಾಗದ ಬಾಂಬೆಗೆ ಬರೋಕೆ ಹೆಚ್ಚು ಕಡಿಮೆ ಎರಡು ವಾರ. 1929ರ ಮಾರ್ಚ್ 30ಕ್ಕೆ ಇಂಪೀರಿಯಲ್ ಏರ್‌ವೇಸ್ ಲಂಡನ್-ಕರಾಚಿ ಸೇವೆ ಶುರು ಮಾಡಿತು. ಸುಮಾರು 5,000 ಮೈಲಿ, ಏಳು ದಿನ. ನಡುವೆ ಯೂರೋಪಿನಲ್ಲಿ ಒಂದಷ್ಟು ದೂರ ರೈಲಿನಲ್ಲಿ. ಆದರೆ ಕರಾಚಿಗೆ ಬಂದ ಕಾಗದ ಅಲ್ಲಿಂದ ರೈಲು ಹತ್ತಿ ದಕ್ಷಿಣಕ್ಕೆ ಬರುವಷ್ಟರಲ್ಲಿ ಆಕಾಶದಲ್ಲಿ ಉಳಿಸಿದ ದಿನಗಳನ್ನು ನೆಲದ ಮೇಲೆ ಕಳೆದುಕೊಳ್ಳುತ್ತಿತ್ತು. ಆ ತೂತನ್ನು ಮುಚ್ಚಿದ್ದೇ 1932ರ ಈ ಸೇವೆ. ಕರಾಚಿಯಿಂದ ಮದ್ರಾಸಿಗೆ ಬಳ್ಳಾರಿ ಮೇಲೆ ಸುಮಾರು 2,075 ಕಿ.ಮೀ. ಅಷ್ಟಕ್ಕೂ ಒಂದು ಹಗಲು, ಒಂದು ರಾತ್ರಿ, ಮರುದಿನದ ಒಂದಿಷ್ಟು ಹೊತ್ತು. ವಾರಕ್ಕೊಂದು ಸಲ. ಮೊದಲ ಒಂದು ವರ್ಷದಲ್ಲಿ ಹಾರಿದ್ದು 1,60,000 ಮೈಲಿ, ಲಾಭ 60,000 ರೂಪಾಯಿ.

ಆಮೇಲೇನಾಯ್ತು? ಬಳ್ಳಾರಿ ಕೈ ತಪ್ಪಿತು.

1938ರಲ್ಲಿ ಸಾಮ್ರಾಜ್ಯದ ವಿಮಾನ ಅಂಚೆ ಯೋಜನೆ ಬಂದು ಟಾಟಾ ದಾರಿ ಕೊಲಂಬೋವರೆಗೆ ಬೆಳೆದಾಗ ಬಾಂಬೆ ಮತ್ತು ಮದ್ರಾಸಿನ ನಡುವೆ ಇದ್ದದ್ದು ಹೈದರಾಬಾದ್. ಬಳ್ಳಾರಿ ಇರಲಿಲ್ಲ. ಇದನ್ನೂ ಲೆಕ್ಕ ಹಾಕಿದೆ. ಬಾಂಬೆ-ಹೈದರಾಬಾದ್ ಸುಮಾರು 622 ಕಿ.ಮೀ., ಹೈದರಾಬಾದ್-ಮದ್ರಾಸ್ ಸುಮಾರು 526. ಒಟ್ಟು 1,148. ಬಳ್ಳಾರಿ ಮೇಲೆ ಹೋಗುವುದಕ್ಕಿಂತ ನೂರು ಕಿಲೋಮೀಟರಿಗೂ ಹೆಚ್ಚು ಸುತ್ತು. ಪಸ್ ಮಾತ್ ವೇಗದಲ್ಲಾದರೆ ಮುಕ್ಕಾಲು ಗಂಟೆಯ ಸಮೀಪ.

ಆದರೂ ಹೈದರಾಬಾದೇ ಯಾಕೆ ಗೆದ್ದಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅದು ನಿಜಾಮರ ರಾಜಧಾನಿ. ಕಾಗದ ಬರೆಯುವವರು, ಟಿಕೆಟ್ ಕೊಳ್ಳುವವರು ಅಲ್ಲಿ ಹೆಚ್ಚು. ವಿಮಾನಗಳು ದೊಡ್ಡವಾದ ಹಾಗೆ, ವೇಗ ಹೆಚ್ಚಿದ ಹಾಗೆ, ನೂರು ಕಿಲೋಮೀಟರು ಸುತ್ತುವುದು ಭಾರವಾಗಲಿಲ್ಲ. ಕತ್ತಲಾಗುತ್ತೆ ಅಂತ ನಡುದಾರಿಯಲ್ಲಿ ಇಳಿಯುವ ಅಗತ್ಯವೂ ಕಡಿಮೆಯಾಯಿತು. ವಿಮಾನ ನಿಧಾನವಾಗಿದ್ದಾಗ ಬಳ್ಳಾರಿ ಬೇಕಾಗಿತ್ತು, ಜೋರಾದ ಮೇಲೆ ಬೇಡವಾಯಿತು. ವೇಗ ಹೆಚ್ಚಿದರೆ ಊರುಗಳು ಹತ್ತಿರ ಬರ್ತವೆ ಅಂತಾರೆ. ದಾರಿಯ ಎರಡು ತುದಿಯ ಊರುಗಳಿಗೆ ಆ ಮಾತು ಸರಿ. ನಡುವಿನ ಊರುಗಳು ದೂರವೇ ಆಗುತ್ತವೆ.

ಈಗ ಮೊದಲು ಕೇಳಿದ ಪ್ರಶ್ನೆಗೆ ಬರ್ತೀನಿ. ಅಂತರ್ಜಾಲದ ಲೆಕ್ಕ ಯಂತ್ರಗಳು ಏನು ಮಾಡುತ್ತವೆ? ಭೂಮಿ ಒಂದು ಚೆಂಡು ಅಂದುಕೊಂಡು ಎರಡು ಊರಿನ ಅಕ್ಷಾಂಶ ರೇಖಾಂಶ ತಗೊಂಡು, ಚೆಂಡಿನ ಮೈಮೇಲೆ ಎಳೆಯಬಹುದಾದ ಅತಿ ಗಿಡ್ಡ ಗೆರೆಯ ಉದ್ದ ಹೇಳುತ್ತವೆ. ನಾನು ಮೇಲೆ ಕೊಟ್ಟ ಅಂಕಿಗಳೂ ಅಂಥವೇ. ಹೊತ್ತು ಬೇಕಾದರೆ ಆ ದೂರವನ್ನು ಗಂಟೆಗೆ 800 ಕಿ.ಮೀ. ಆಸುಪಾಸಿನ ಒಂದು ವೇಗದಿಂದ ಭಾಗಿಸಿ, ಏರುವುದಕ್ಕೆ ಇಳಿಯುವುದಕ್ಕೆ ಅರ್ಧ ಗಂಟೆ ಕೂಡಿಸಿಬಿಡುತ್ತವೆ.

ಗಾಳಿಯ ಲೆಕ್ಕ ಅದರಲ್ಲಿ ಇರುವುದಿಲ್ಲ. ಎದುರು ಗಾಳಿ ಗಂಟೆಗೆ 30 ಕಿ.ಮೀ. ಇದ್ದರೆ ಈಗಿನ ಜೆಟ್‌ಗೆ ನೂರಕ್ಕೆ ನಾಲ್ಕು ಪಾಲು ಕೂಡ ನಷ್ಟವಿಲ್ಲ. ಪಸ್ ಮಾತ್‌ಗೆ ಅದೇ ಗಾಳಿ ಹೆಚ್ಚು ಕಡಿಮೆ ಐದರಲ್ಲಿ ಒಂದು ಪಾಲು ವೇಗ ತಿಂದುಬಿಡುತ್ತಿತ್ತು. ನಿಲ್ದಾಣಕ್ಕೆ ಮುಂಚೆ ಹೋಗಿ ಕಾಯುವುದು, ಒಂದು ವಿಮಾನ ಇಳಿದು ಇನ್ನೊಂದು ಹತ್ತುವುದು, ಇಳಿದ ಮೇಲೆ ಮನೆ ಸೇರುವುದು, ಇದೂ ಯಾವುದೂ ಲೆಕ್ಕದಲ್ಲಿಲ್ಲ. 1932ರಲ್ಲಿ ಟಾಟಾ ಕರಾಚಿಯಿಂದ ಜುಹುವಿಗೆ ಸುಮಾರು 1,033 ಕಿ.ಮೀ. ಬಂದಿದ್ದು ಏಳೂಕಾಲು ಗಂಟೆಯಲ್ಲಿ, ಎತ್ತಿನ ಗಾಡಿಯ ಪೆಟ್ರೋಲು ತುಂಬಿಸಿದ್ದೂ ಸೇರಿ. ಸರಾಸರಿ ಗಂಟೆಗೆ 142 ಕಿ.ಮೀ.

ಈ 142ನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

2009ರ ಮೇ ತಿಂಗಳು. ನಾನಾಗ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದೆ. ಒಂದು ಬೆಳಿಗ್ಗೆ ತಮ್ಮನ ಫೋನು. "ಅಣ್ಣಾ, ಅಪ್ಪ ಹೋಗಿಬಿಟ್ರು. ಬೇಗ ಬಾ." ಮಸ್ಕತ್‌ನಿಂದ ಬಳ್ಳಾರಿಗೆ ಆಕಾಶದ ದೂರ ಸುಮಾರು 2,160 ಕಿ.ಮೀ. ಮೂರು ಗಂಟೆಯ ದಾರಿ. ಅವತ್ತಿನ ಬೆಂಗಳೂರು ವಿಮಾನದಲ್ಲಿ ಸೀಟಿರಲಿಲ್ಲ. ಇನ್ನೊಂದೂರಿನ ಮೇಲೆ ಟಿಕೆಟ್ ಸಿಕ್ಕಿತು, ಅಲ್ಲಿ ರಾತ್ರಿಯೆಲ್ಲ ಕಾದು, ಬೆಳಗಿನ ಜಾವ ಬೆಂಗಳೂರಲ್ಲಿ ಇಳಿದು, ಟ್ಯಾಕ್ಸಿ ಮಾಡಿಕೊಂಡು ಚಿತ್ರದುರ್ಗದ ಮೇಲೆ ಬಂದೆ. ಫೋನು ಬಂದ ಹೊತ್ತಿನಿಂದ ಮನೆ ಬಾಗಿಲಿಗೆ 27 ಗಂಟೆ.

ಬೇಸಿಗೆ. ಬಳ್ಳಾರಿಯ ಬೇಸಿಗೆಯಲ್ಲಿ ಎಷ್ಟು ಹೊತ್ತು ಕಾಯಲು ಸಾಧ್ಯ? ಮಂಜುಗಡ್ಡೆ ತರಿಸಿ ಇಟ್ಟು ಕಾದಿದ್ದರಂತೆ. ಕೊನೆಗೆ ಹಿರಿಯರೆಲ್ಲ ಸೇರಿ ನಿರ್ಧಾರ ಮಾಡಿದರು. ನಾನು ಬರುವ ಹೊತ್ತಿಗೆ ಅಪ್ಪನನ್ನು ಮಣ್ಣು ಮಾಡಿ ಬಂದು ಜನ ಅಂಗಳದಲ್ಲಿ ಕೂತಿದ್ದರು. ಅಮ್ಮ ಒಂದೇ ಮಾತು ಕೇಳಿದರು: "ಅಷ್ಟು ದೂರಾನೇನಪ್ಪ ಅದು?"

ಏನು ಹೇಳಲಿ? 2,160ನ್ನು 27ರಿಂದ ಭಾಗಿಸಿದರೆ 80 ಬರುತ್ತೆ. ಗಂಟೆಗೆ 80 ಕಿ.ಮೀ. ಜೆಟ್ ವಿಮಾನದ ಕಾಲದಲ್ಲಿ ನಾನು ಊರಿಗೆ ಬಂದಿದ್ದು 1932ರ ಆ ಕಾಗದದ ಚೀಲಕ್ಕಿಂತ ನಿಧಾನವಾಗಿ. ಯಾರದ್ದೂ ತಪ್ಪಿಲ್ಲ, ಯಾರನ್ನೂ ದೂರುವುದಿಲ್ಲ. ಆದರೆ ಅಂದಿನಿಂದ "ಎಷ್ಟು ದೂರ" ಅಂತ ಯಾರಾದರೂ ಕೇಳಿದರೆ ನಾನು ಕಿಲೋಮೀಟರಿನಲ್ಲಿ ಹೇಳುವುದನ್ನು ಬಿಟ್ಟಿದ್ದೇನೆ.

ಆಮೇಲಿನ ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ವಿನ್ಸೆಂಟ್ 1942ರಲ್ಲಿ, ಮಹಾಯುದ್ಧದ ನಡುವೆ, ಇಂಗ್ಲೆಂಡಿನಿಂದ ವಿಮಾನದಲ್ಲಿ ಹೊರಟವರು ದಾರಿಯಲ್ಲೇ ಇಲ್ಲವಾದರು. ಟಾಟಾ ಏರ್‌ಲೈನ್ಸ್ 1946ರಲ್ಲಿ ಏರ್ ಇಂಡಿಯಾ ಆಯಿತು, 1953ರಲ್ಲಿ ಸರ್ಕಾರದ್ದಾಯಿತು, 2022ರ ಜನವರಿ 27ಕ್ಕೆ ಮತ್ತೆ ಟಾಟಾ ಕೈಗೆ ಬಂತು. 1982ರ ಅಕ್ಟೋಬರ್ 15ಕ್ಕೆ, ಐವತ್ತು ವರ್ಷ ತುಂಬಿದ ದಿನ, 78 ವರ್ಷದ ಜೆ.ಆರ್.ಡಿ. ಹಳೇ ಲೆಪರ್ಡ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಬಾಂಬೆಗೆ ಮತ್ತೆ ಹಾರಿ ಬಂದರು. ಎಷ್ಟು ದೊಡ್ಡ ವಿಷಯ! ಆದರೆ ಆ ಸಲದ ಹಾರಾಟ ಬಾಂಬೆಗೇ ಮುಗಿಯಿತು. ಬಳ್ಳಾರಿವರೆಗಿನ ಅರ್ಧ ಕಥೆ ಹಾಗೇ ಉಳಿಯಿತು.

ಈಗ ನಮ್ಮ ಕಡೆಯವರು ವಿಮಾನ ಅಂದರೆ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದ ಕಡೆ ನೋಡುತ್ತಾರೆ. ಉಡಾನ್ ಯೋಜನೆಯಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ಅಲ್ಲಿಂದ ಸಾಮಾನ್ಯ ಜನರಿಗೂ ವಿಮಾನ ಶುರುವಾಯಿತು. ಚಾಗನೂರು, ಸಿರಿವಾರದ ಕಡೆ ಹೊಸ ನಿಲ್ದಾಣದ ಮಾತು ಬಂದಾಗ ಹೊಲ ಕಳೆದುಕೊಳ್ಳುವ ರೈತರು ಬೀದಿಗಿಳಿದಿದ್ದೂ ನಮಗೆಲ್ಲ ನೆನಪಿದೆ. ವಿಮಾನ ಇಳಿಯಬೇಕಾದರೂ ಯಾರದ್ದೋ ಎರೆಹೊಲವೇ ಬೇಕು.

ಇನ್ನು ಕರಾಚಿ. ಆ ದಾರಿಯ ಮೊದಲ ತುಂಡೇ ಈಗ ಬೇರೆ ದೇಶದಲ್ಲಿದೆ. 2025ರ ಏಪ್ರಿಲ್‌ನಲ್ಲಿ ಎರಡೂ ದೇಶಗಳು ಒಬ್ಬರ ವಿಮಾನಕ್ಕೆ ಇನ್ನೊಬ್ಬರ ಆಕಾಶ ಮುಚ್ಚಿದವು. ಕರಾಚಿಯಿಂದ ಚೆನ್ನೈಗೆ ನೇರ ದೂರ ಸುಮಾರು 1,900 ಕಿ.ಮೀ. ದುಬೈ ಮೇಲೆ ಸುತ್ತಿ ಬಂದರೆ 4,100ರ ಹತ್ತಿರ. ಭೂಮಿ ಇದ್ದ ಹಾಗೇ ಇದೆ, ಊರುಗಳೂ ಇದ್ದಲ್ಲೇ ಇವೆ. ದೂರ ಮಾತ್ರ ಬೆಳೆದಿದೆ.

ಕಳೆದ ಬೇಸಿಗೆ ಊರಿಗೆ ಹೋದಾಗ ಮಾಳಿಗೆ ಹತ್ತಿದ್ದೆ. ಈಗ ಸುತ್ತ ಎತ್ತರದ ಕಟ್ಟಡಗಳು, ಗುಡ್ಡ ಅರ್ಧ ಮಾತ್ರ ಕಾಣುತ್ತೆ. ಒಂಬತ್ತು ಗಂಟೆ ಮೇಲೆ ಒಂದು ಕೆಂಪು ದೀಪ ಮಿಣುಕುತ್ತಾ ಅದೇ ವಾಯವ್ಯದಿಂದ ಅದೇ ಆಗ್ನೇಯಕ್ಕೆ ಹೋಯಿತು. ತಮ್ಮನ ಮಗಳಿಗೆ ತೋರಿಸಿ, "ನೋಡವ್ವ, ಒಂದು ಸಲ ಅದು ನಮ್ಮೂರಲ್ಲೇ ಇಳಿದು ರಾತ್ರಿ ಇಲ್ಲೇ ಮಲಗಿತ್ತು" ಅಂದೆ.

ಅವಳು ಬಿದ್ದು ಬಿದ್ದು ನಕ್ಕಳು. ವಿಮಾನ ಎಲ್ಲಾದ್ರೂ ಮಲಗುತ್ತಾ ದೊಡ್ಡಪ್ಪ, ಅಂತ.

ನನಗೆ ಬೇಜಾರಾಗಲಿಲ್ಲ. ನಗಲಿ ಬಿಡಿ. ನಿಮ್ಮ ಮನೆಯಲ್ಲೂ ಹಿರಿಯರು ಇಂಥದ್ದೇನಾದರೂ ಹೇಳಿದರೆ ನಗಿ, ಪರವಾಗಿಲ್ಲ. ಆದರೆ ಯಾವ ವರ್ಷ, ಯಾವ ಮೈದಾನ ಅಂತ ಒಂದು ಮಾತು ಕೇಳಿ ಬರೆದಿಟ್ಟುಕೊಳ್ಳಿ. ನಾನು ಕೇಳಲಿಲ್ಲ.